ಓಸಿಡಿ ಇರುವ ಮಗ "ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಲೇ ಇದ್ದರೆ ಉತ್ತರ ಕೊಡಬೇಕೇ?

ಸಾಗರದ ತಾಯಿ:

ಮಗನಿಗೆ 10 ವರ್ಷ, 5ನೇ ಕ್ಲಾಸು. ಓಸಿಡಿ (ಗೀಳು ಕಾಯಿಲೆ: ಬೇಡವೆಂದರೂ ಬರುವ ಭಯದ ಯೋಚನೆ, ಅದನ್ನು ತಣಿಸಲು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು), ಜೊತೆಗೆ ಆತಂಕ ಎಂದು ಮಕ್ಕಳ ಮನೋವೈದ್ಯರು ಹೇಳಿದ್ದಾರೆ. ಅದಕ್ಕೆ ಸರ್ಟ್ರಾಲಿನ್ ಎಂಬ ಮಾತ್ರೆ 25 ಮಿ.ಗ್ರಾಂ ಶುರುವಾಗಿದೆ. ಥೆರಪಿಸ್ಟ್ ಬೆಂಗಳೂರಿನವರು, ಎರಡು ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ. ನಡುವಿನ ದಿನಗಳಲ್ಲಿ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಯಬೇಕಿತ್ತು.

ಪುಸ್ತಕಕ್ಕೋ ಪೇಪರಿಗೋ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಒಂದು ಸಲಕ್ಕೆ ನಿಲ್ಲುವುದಿಲ್ಲ, "ಸರಿಯಾಯ್ತು" ಅನಿಸುವ ತನಕ. ತಾಗದಿದ್ದರೂ ತಾಗಿತೇನೋ ಎಂಬ ಅನುಮಾನ. ಒತ್ತಿಕೊಳ್ಳದೆ ಬಿಟ್ಟರೆ ಅಪ್ಪನಿಗೆ ಏನೋ ಆಗಿಬಿಡುತ್ತದೆ ಎಂಬ ಭಯ. ಆಮೇಲೆ ನನ್ನ ಹಿಂದೆಯೇ ಓಡಾಡುತ್ತಾ "ತಾಗಲಿಲ್ಲ ಅಲ್ವಾ? ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಾನೆ. ಹೋಂವರ್ಕಿನಲ್ಲಿ ಅಕ್ಷರ ಅಳಿಸಿ ಅಳಿಸಿ ಹಾಳೆಯೇ ತೂತಾಗುತ್ತದೆ. ಮನೆಯಲ್ಲಿ ಅತ್ತೆಯವರು ಮಡಿ ಮಾಡುವವರು, ಹಾಗಾಗಿ ಎಷ್ಟು ಸಂಪ್ರದಾಯ, ಎಷ್ಟು ಕಾಯಿಲೆ ಎಂದು ಗೆರೆ ಎಳೆಯಲು ಗೊತ್ತಾಗುತ್ತಿಲ್ಲ.

ಮಕ್ಕಳ ಮನಶ್ಶಾಸ್ತ್ರ, ಮೈಸೂರು:

ಮೊದಲು ನಿಮ್ಮ ಶೀರ್ಷಿಕೆಯ ಪ್ರಶ್ನೆಗೇ ಬರುತ್ತೇನೆ. ಕೊನೆಗೆ ಉತ್ತರ ನಿಲ್ಲಬೇಕು, ಆದರೆ ನಾಳೆಯೇ ಅಲ್ಲ, ಅವನಿಗೆ ಹೇಳದೆಯೂ ಅಲ್ಲ.

"ಏನೂ ಆಗಲ್ಲ ಕಂದಾ" ಅಂದ ಕೂಡಲೇ ಅವನಿಗೆ ಸಮಾಧಾನವಾಗುತ್ತದೆ. ಅದು ಐದು ಹತ್ತು ನಿಮಿಷದ್ದು. ಅಷ್ಟರಲ್ಲಿ ಅವನ ಮನಸ್ಸು ಕಲಿಯುವ ಪಾಠ ಬೇರೆ: ಅಪಾಯ ನಿಜವಾಗಿತ್ತು, ಅಮ್ಮ ಹೇಳಿದ್ದರಿಂದ ತಪ್ಪಿತು. ಹಾಗಾಗಿ ಮುಂದಿನ ಸಲ ಇನ್ನೂ ಬೇಗ, ಇನ್ನೂ ಗಟ್ಟಿಯಾಗಿ ಕೇಳುತ್ತಾನೆ. ಕಣ್ಣಿಗೊತ್ತಿಕೊಳ್ಳುವುದು ಹೇಗೆ ಗೀಳಿನ ಕ್ರಿಯೆಯೋ ಈ ಪ್ರಶ್ನೆಯೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಇದರಲ್ಲಿ ಅರ್ಧ ಕೆಲಸ ನಿಮ್ಮಿಂದ ಆಗುತ್ತಿದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ನಾಲ್ಕು ಕಾಲಂ: ಎಷ್ಟು ಹೊತ್ತಿಗೆ, ಯಾವುದರಿಂದ ಶುರುವಾಯಿತು, ಅವನು ಏನು ಮಾಡಿದ, ಮನೆಯವರು ಏನು ಮಾಡಿದರು. ಬಹಳ ಪೋಷಕರು ನಾಲ್ಕನೆಯದನ್ನು ಖಾಲಿ ಬಿಡುತ್ತಾರೆ, ಥೆರಪಿಸ್ಟ್‌ಗೆ ಹೆಚ್ಚು ಬೇಕಾಗುವುದು ಅದೇ. ಉತ್ತರ ಕೊಟ್ಟಿದ್ದು, ನೆಲದ ಮೇಲಿನ ಪೇಪರ್ ಮುಂಚೆಯೇ ಎತ್ತಿಟ್ಟಿದ್ದು, ಅವನ ಬದಲು ಬ್ಯಾಗ್ ಜೋಡಿಸಿದ್ದು, ಎಲ್ಲ ಅದರಲ್ಲಿ ಬರಬೇಕು.

ಎರಡನೇ ವಾರ, ಅವನು ಸಮಾಧಾನವಾಗಿರುವ ಹೊತ್ತಿನಲ್ಲಿ ಕೂತು ಭಯದ ಏಣಿ ಮಾಡಿ, ಅಂದರೆ ಕಡಿಮೆ ಭಯದಿಂದ ಹೆಚ್ಚು ಭಯದ ಕಡೆಗೆ ಸನ್ನಿವೇಶಗಳ ಪಟ್ಟಿ. ಪ್ರತಿಯೊಂದು ಸನ್ನಿವೇಶಕ್ಕೆ 0ಯಿಂದ 10ರವರೆಗೆ ಎಷ್ಟು ಭಯ ಎಂದು ಅವನೇ ಅಂಕಿ ಕೊಡಲಿ. ನಿಮ್ಮ ಮಗನ ಏಣಿ ಸುಮಾರು ಹೀಗಿರಬಹುದು: ಹಳೇ ಪೇಪರಿನ ಪಕ್ಕ ಕಾಲು ಚಾಚಿ ಕೂರುವುದು 2. ಪೇಪರಿನ ಚೂರಿಗೆ ಹೆಬ್ಬೆರಳು ತಾಗಿಸಿ ಒತ್ತಿಕೊಳ್ಳದೆ ಇರುವುದು 4. ರಫ್ ನೋಟ್‌ಬುಕ್ ಇರುವ ಬ್ಯಾಗಿಗೆ ಕಾಲು ತಾಗಿಸುವುದು 5. ಪುಸ್ತಕಗಳಿರುವ ಕೋಣೆಯಲ್ಲಿ ನಡೆದು "ತಾಗಿತೋ ಇಲ್ಲವೋ ಗೊತ್ತಿಲ್ಲ" ಎಂದು ಹೇಳಿ ಹೊರಬರುವುದು 7. ಅದನ್ನೇ ಅಪ್ಪ ಊರಿನಲ್ಲಿಲ್ಲದ ದಿನ ಮಾಡುವುದು 9.

ಅವನನ್ನು ಪಠ್ಯಪುಸ್ತಕದ ಮೇಲೆ ನಿಲ್ಲಿಸುವ ಅಗತ್ಯವೇ ಇಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಒಂದು ಸಲ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಎಲ್ಲ ಮಕ್ಕಳೂ ಮಾಡುವುದು. ಗುರಿ ಅದನ್ನು ಬಿಡಿಸುವುದಲ್ಲ. ಆದರೆ ಓಸಿಡಿ ಇರುವ ಮಗುವಿಗೆ "ಒಂದೇ ಸಲ" ಎಂಬುದೇ "ಸರಿಯಾದ ಒಂದು ಸಲ" ಆಗಿ ಹಿಗ್ಗುತ್ತದೆ. ಅದಕ್ಕೆ ಅಭ್ಯಾಸದ ಹೊತ್ತಿನಲ್ಲಿ, ಅನುಮಾನದ ಸಂದರ್ಭದಲ್ಲಿ ಒತ್ತಿಕೊಳ್ಳುವುದು ಸೊನ್ನೆ ಸಲ ಎಂದು ಮೊದಲೇ ಮಾತಾಡಿಕೊಳ್ಳಿ. ಪುಸ್ತಕಕ್ಕೆ ನಿಜವಾಗಿ ತಾಗಿದಾಗ ಏನು ಎಂಬುದನ್ನು ಥೆರಪಿಸ್ಟ್ ಜೊತೆ ಕೂತು ಗೊತ್ತು ಮಾಡಿ.

ಈ ಅಭ್ಯಾಸಕ್ಕೆ ದಿನಾ ಒಂದೇ ಹೊತ್ತಿಗೆ 15–20 ನಿಮಿಷ ಸಾಕು. 2 ಅಥವಾ 3 ಅಂಕಿಯ ಮೆಟ್ಟಿಲಿನಿಂದ ಶುರು. ಎರಡು ಮೂರು ನಿಮಿಷಕ್ಕೊಮ್ಮೆ "ಈಗ ಎಷ್ಟು?" ಎಂದಷ್ಟೇ ಕೇಳಿ. ಅಂಕಿ ಇಳಿದರೆ ಒಳ್ಳೆಯದು, ಇಳಿಯದಿದ್ದರೆ ಸೋತಂತಲ್ಲ. ಭಯ ಇದ್ದೂ ಒತ್ತಿಕೊಳ್ಳದೆ ಇರಬಲ್ಲೆ ಎಂದು ಅವನಿಗೆ ಕಂಡುಬಂದರೆ ಅವತ್ತಿನ ಕೆಲಸ ಆಯಿತು. ನಡುವೆ ಕೈ ತಪ್ಪಿ ಒತ್ತಿಕೊಂಡರೆ ಬೈಯಬೇಡಿ, ಅದೇ ಚೂರಿಗೆ ಇನ್ನೊಮ್ಮೆ ಕಾಲು ತಾಗಿಸಿ ಮುಂದುವರಿಸಲಿ. ಒಂದು ಮೆಟ್ಟಿಲು ಬೇಸರ ತರಿಸುವಷ್ಟು ಸುಲಭವಾದ ಮೇಲೆ ಮುಂದಿನದು.

ಕೆಡುವುದು ಎಲ್ಲಿ ಅಂದರೆ, ಹೊರಗಿನ ಕ್ರಿಯೆ ನಿಂತಾಗ ಒಳಗೇ ಇನ್ನೊಂದು ಶುರುವಾಗುತ್ತದೆ: ಮನಸ್ಸಿನಲ್ಲೇ ಎಣಿಸುವುದು, ಶ್ಲೋಕ ಹೇಳುವುದು, ಕಣ್ಣು ಮಿಟುಕಿಸುವುದು. ಅಂಕಿ ಥಟ್ಟನೆ 7ರಿಂದ 1ಕ್ಕೆ ಬಿದ್ದರೆ ಇದನ್ನು ಕೇಳಿ ನೋಡಿ. ಇನ್ನೊಂದು, ಅವನು ಬಾಯಿ ಬಿಡದೆ ನಿಮ್ಮ ಮುಖ ನೋಡುತ್ತಾನೆ, ನೀವು ಸಣ್ಣಗೆ ನಗುತ್ತೀರಿ. ಅದೂ ಉತ್ತರವೇ. ಮೂರನೆಯದನ್ನು ಅನುಭವಿ ಪೋಷಕರೂ ಗಮನಿಸುವುದಿಲ್ಲ: "ಅಮ್ಮ ಮಾಡು ಅಂದಿದ್ದಕ್ಕೆ ಮಾಡಿದೆ, ಏನಾದ್ರೂ ಆದ್ರೆ ಅಮ್ಮಂದೇ ತಪ್ಪು" ಎಂದುಕೊಂಡು ಭಯವನ್ನು ನಿಮ್ಮ ಹೆಗಲಿಗೆ ದಾಟಿಸುವುದು. ಯಾವ ಮೆಟ್ಟಿಲು ಎಂದು ಅವನೇ ಆರಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಪ್ರಶ್ನೆಗಳ ವಿಷಯಕ್ಕೆ ಬಂದರೆ, ಒಂದು ಅನುಮಾನಕ್ಕೆ ಒಂದೇ ಉತ್ತರ ಎಂಬಲ್ಲಿಂದ ಶುರು ಮಾಡಿ. ಮುಂದಿನ ವಾರ ದಿನದ ಒಂದು ಹೊತ್ತು ಪೂರ್ತಿ ಉತ್ತರವಿಲ್ಲ, ಆಮೇಲೆ ಆ ಹೊತ್ತು ಹಿಗ್ಗಲಿ. ಉತ್ತರದ ಜಾಗದಲ್ಲಿ ಹೇಳುವ ಮಾತು ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಇರಲಿ: "ಇದು ಓಸಿಡಿ ಕೇಳ್ತಿರೋ ಪ್ರಶ್ನೆ ಅನ್ಸತ್ತೆ. ನಿಂಗೆ ಕಷ್ಟ ಆಗ್ತಿದೆ, ಗೊತ್ತು. ಉತ್ತರ ಕೊಡಲ್ಲ, ಆದ್ರೆ ಇಲ್ಲೇ ಇರ್ತೀನಿ." ನಿಜವಾದ ಪ್ರಶ್ನೆ ಯಾವುದು ಎಂದು ಗುರುತಿಸುವುದು ಸುಲಭ. ಅದಕ್ಕೆ ಒಂದು ಸಲ ಉತ್ತರ ಸಿಕ್ಕರೆ ಮಗು ಎದ್ದು ಆಟಕ್ಕೆ ಹೋಗುತ್ತದೆ.

ಮಲೆನಾಡು ವೈದ್ಯ:

ಮಾತ್ರೆಯ ಬಗ್ಗೆ ಅವರು ಕೇಳಿಲ್ಲ, ಆದರೂ ಹೇಳಬೇಕು, ಯಾಕೆಂದರೆ "ಒಂದು ತಿಂಗಳಾಯ್ತು, ಏನೂ ಗುಣ ಕಾಣಲಿಲ್ಲ" ಎಂದು ನಿಲ್ಲಿಸುವವರೇ ಹೆಚ್ಚು. 25 ಮಿ.ಗ್ರಾಂ ಎಂಬುದು 6ರಿಂದ 12 ವರ್ಷದವರಿಗೆ ಆರಂಭದ ಪ್ರಮಾಣ. ವೈದ್ಯರು ಅದನ್ನು ನಿಧಾನವಾಗಿ ಏರಿಸುತ್ತಾರೆ, ಗರಿಷ್ಠ ದಿನಕ್ಕೆ 200. ಓಸಿಡಿಯಲ್ಲಿ ಪರಿಣಾಮ ಪೂರ್ತಿ ಗೊತ್ತಾಗಲು ತಕ್ಕ ಪ್ರಮಾಣದಲ್ಲಿ 8ರಿಂದ 12 ವಾರ ಬೇಕು.

ಮೊದಲ ವಾರಗಳಲ್ಲಿ ಹೊಟ್ಟೆನೋವು, ವಾಕರಿಕೆ, ನಿದ್ದೆ ಏರುಪೇರು ಸಾಮಾನ್ಯ. ಊಟವಾದ ಮೇಲೆ ಕೊಟ್ಟರೆ ವಾಕರಿಕೆ ಕಡಿಮೆ. ಕೆಲವು ಮಕ್ಕಳಿಗೆ ಕೂತಲ್ಲಿ ಕೂರಲಾಗದಂಥ ಚಡಪಡಿಕೆ, ಸಿಡುಕು ಬರುತ್ತದೆ. ಅದನ್ನು ಹಠ ಎಂದುಕೊಳ್ಳದೆ ವೈದ್ಯರಿಗೆ ತಿಳಿಸಿ, ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಗುಂಪಿನ ಮಾತ್ರೆಗಳಿಂದ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2004ರಿಂದ ಎಚ್ಚರಿಕೆ ಹಾಕಿಸಿದ್ದಾರೆ. ಶುರುವಿನ ವಾರಗಳಲ್ಲಿ, ಪ್ರಮಾಣ ಬದಲಾದಾಗ ಹೆಚ್ಚು ಗಮನ ಬೇಕು. "ನಾನಿರಬಾರದಿತ್ತು" ಎಂಬ ಮಾತು ಬಂದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವನು ತನಗೆ ಏನಾದರೂ ಮಾಡಿಕೊಳ್ಳಬಹುದು ಎನಿಸಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇದು ಚಟ ಹಿಡಿಸುವ ಮಾತ್ರೆಯಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ, ಓಸಿಡಿಯೂ ಮರಳಬಹುದು. ಲಕ್ಷಣ ಹಿಡಿತಕ್ಕೆ ಬಂದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ಆಮೇಲೆ ಹಂತ ಹಂತವಾಗಿ ಇಳಿಸುವುದು ರೂಢಿ.

ಮಾತ್ರೆಯಷ್ಟೇ ಸಾಕೇ ಎಂದು ಯಾರಾದರೂ ಕೇಳಿದರೆ: 2004ರಲ್ಲಿ ಪ್ರಕಟವಾದ, 7ರಿಂದ 17 ವರ್ಷದ 112 ಮಕ್ಕಳ ಅಮೆರಿಕದ ಅಧ್ಯಯನದಲ್ಲಿ, 12 ವಾರದ ನಂತರ ಲಕ್ಷಣ ಬಹುತೇಕ ಇಲ್ಲವಾದವರು ಸರ್ಟ್ರಾಲಿನ್ ಒಂದರಲ್ಲೇ ಸುಮಾರು ಶೇ 21, ಥೆರಪಿ ಒಂದರಲ್ಲೇ ಶೇ 39, ಎರಡೂ ಸೇರಿದಾಗ ಶೇ 54. ಹುಸಿ ಮಾತ್ರೆಯಲ್ಲಿ ಶೇ 4ರಷ್ಟು. ಮೇಲಿನವರು ಹೇಳಿದ 20 ನಿಮಿಷದ ಅಭ್ಯಾಸ ಅದಕ್ಕೇ ಮುಖ್ಯ.

ಇದನ್ನೆಲ್ಲ ಓದುತ್ತಿರುವ ಬೇರೆ ಪೋಷಕರಿಗೂ ಒಂದು ಮಾತು. ಗಂಟಲು ಜ್ವರದ ಬೆನ್ನಿಗೇ, ಒಂದೆರಡು ದಿನದಲ್ಲಿ, ಇದ್ದಕ್ಕಿದ್ದಂತೆ ಗೀಳು ಉಕ್ಕಿ ಬಂದರೆ, ಊಟ ಬಿಟ್ಟರೆ ಅಥವಾ ಕೈಬರಹ ಕೆಟ್ಟರೆ ಮಕ್ಕಳ ವೈದ್ಯರಿಗೂ ತೋರಿಸಿ. ಆ ಬಗೆಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಪ್ರಾಥಮಿಕ ಶಾಲಾ ಶಿಕ್ಷಕಿ:

ಹೋಂವರ್ಕಿಗೆ: ಒಂದು ವಿಷಯಕ್ಕೆ 20 ನಿಮಿಷ, ಟೈಮರ್ ಹೊಡೆದರೆ ಪುಸ್ತಕ ಮುಚ್ಚುವುದು, ಅರ್ಧವಾದರೂ ಸರಿ. ರಬ್ಬರ್ ಬ್ಯಾಗಿನಲ್ಲಿ ಇರಬಾರದು. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಬರೆಯಲಿ. ಏಣಿಯ ಒಂದು ಮೆಟ್ಟಿಲಾಗಿ, ಪುಟಕ್ಕೊಂದು ಅಕ್ಷರ ಬೇಕೆಂದೇ ಸೊಟ್ಟಗೆ ಬರೆದು ಹಾಗೇ ಬಿಡಿಸಿ.

ಕ್ಲಾಸ್ ಟೀಚರಿಗೆ ಒಂದೇ ಪುಟದ ಪತ್ರ ಕೊಡಿ, ವೈದ್ಯರ ಚೀಟಿಯೊಂದಿಗೆ. ಮೂರು ವಿಷಯ ಅದರಲ್ಲಿರಲಿ: "ದುಂಡಗೆ ಬರೆ" ಅನ್ನಬಾರದು, "ಹತ್ತು ಸಲ ಬರೆದು ತಾ" ಎಂಬ ಶಿಕ್ಷೆ ಇವನಿಗೆ ಬೇಡವೇ ಬೇಡ, ಮಕ್ಕಳೆದುರು ಕಾಯಿಲೆಯ ಹೆಸರು ಎತ್ತಬಾರದು. ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಬಹುದು, ಆದರೆ ಅದು ಅಳಿಸಲು ಸಿಗುವ ಸಮಯವಾಗಬಾರದು. ಎಷ್ಟು ಕೊಡಬೇಕು, ಯಾವಾಗ ಕಡಿಮೆ ಮಾಡಬೇಕು ಎಂದು ಥೆರಪಿಸ್ಟ್ ಬರೆದುಕೊಟ್ಟರೆ ಶಾಲೆಗೂ ಅನುಕೂಲ.

ಆಪ್ತಸಮಾಲೋಚಕ, ಕುಂದಾಪುರ:

ಮಡಿಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನಮ್ಮ ಕಡೆಯ ಮನೆಗಳಲ್ಲಿ ಚಿಕಿತ್ಸೆ ಅಡ್ಡಾಗುವುದೇ ಅಲ್ಲಿ.

ಅಜ್ಜಿ ಸ್ನಾನ ಮಾಡಿ ಮಡಿಸೀರೆ ಉಟ್ಟರು ಎಂದರೆ ಮಡಿಯಾಯಿತು. ಯಾರೋ ಮುಟ್ಟಿದರೆ ಮತ್ತೆ ಸ್ನಾನ, ಅಲ್ಲಿಗೆ ಮುಗಿಯಿತು. ಆ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು, ಅದಕ್ಕೆ ಕೊನೆ ಇದೆ, ಮುಗಿದ ಮೇಲೆ ಅವರಿಗೆ ನೆಮ್ಮದಿ ಇದೆ. ಮಗುವಿನ ನಿಯಮ ಅವನೊಬ್ಬನದು, ದಿನೇ ದಿನೇ ಬೆಳೆಯುತ್ತದೆ, ಎಷ್ಟು ಮಾಡಿದರೂ ಮುಗಿಯಿತು ಅನಿಸುವುದಿಲ್ಲ, ಬಿಟ್ಟರೆ ಯಾರಿಗೋ ಕೇಡು ಎಂಬ ಹೆದರಿಕೆ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಅದರಲ್ಲೇ ಹೋಗುತ್ತಿದ್ದರೆ, ಆಟ ಪಾಠ ಕೆಡುತ್ತಿದ್ದರೆ, ಅದು ಕಾಯಿಲೆಯ ಕಡೆಗಿದೆ. ನೀವು ಎಳೆಯಬೇಕಾದ ಗೆರೆ ಇದು.

ಹಾಗಾಗಿ ಅತ್ತೆಯವರ ಮಡಿಯ ಮೇಲೆ ಜಗಳಕ್ಕೆ ಹೋಗಬೇಡಿ. ಮಡಿಯಿಂದಲೇ ಮೊಮ್ಮಗನಿಗೆ ಹೀಗಾಯಿತು ಎಂದರೆ ಅದು ನಿಜವೂ ಅಲ್ಲ, ಅವರು ನಿಮ್ಮ ಜೊತೆಗೂ ನಿಲ್ಲುವುದಿಲ್ಲ. ಅವರನ್ನು ಕೇಳಿಕೊಳ್ಳಬೇಕಾದ್ದು ಕೆಲವೇ. "ಸರಸ್ವತಿಗೆ ಕೋಪ ಬರುತ್ತೆ" ಎಂಬ ಮಾತು ಅವನೆದುರು ಬೇಡ. "ಕೈ ತೊಳೆದ್ಯಾ?" ಎಂದು ನೆನಪಿಸುವುದು ಬೇಡ. ಊಟಕ್ಕೆ ಮುಂಚೆ, ಶೌಚದ ನಂತರ ಒಂದು ಸಲ ಸೋಪು, 20 ಸೆಕೆಂಡು, ಅಷ್ಟೇ ಮನೆಯ ನಿಯಮ. ಅವನ ಅನುಮಾನದ ಪ್ರಶ್ನೆಗೆ ಅವರೂ ಅದೇ ಒಂದು ಮಾತು ಹೇಳಲಿ. ಅಜ್ಜಿಗೆ ಕೆಲಸವನ್ನೂ ಕೊಡಿ: ಅಭ್ಯಾಸ ಮುಗಿದ ಮೇಲೆ ಅವನ ಜೊತೆ ಕೂತು ಕಥೆ ಹೇಳುವುದೋ ಚೌಕಾಬಾರ ಆಡುವುದೋ ಅವರ ಪಾಲಿಗೆ.

ಹರಕೆ ಹೊತ್ತರೆ ದೊಡ್ಡವರು ತೀರಿಸಲಿ. "ದಿನಾ 108 ಸಲ ಹೇಳು, ಸರಿಹೋಗುತ್ತೆ" ಎಂದು ಮಗುವಿಗೆ ಜಪ ಹಚ್ಚಬೇಡಿ. ಎಣಿಕೆ ತಪ್ಪಿತೇನೋ ಎಂದು ಮೊದಲಿನಿಂದ ಶುರು ಮಾಡುತ್ತಾನೆ, ಹೊಸ ಗೀಳು ಕೈಯಾರೆ ಕೊಟ್ಟಂತಾಗುತ್ತದೆ.

ಸಾಗರದ ತಾಯಿ:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಉತ್ತರ ಕೊಡದಿದ್ದರೆ ಕಿರುಚುತ್ತಾನೆ, ಹೊಡೆಯಲು ಬರುತ್ತಾನೆ. ಇವರು ಕೆಲಸದಿಂದ ಬರುವುದು ರಾತ್ರಿ ಒಂಬತ್ತಕ್ಕೆ, ಸುಸ್ತಾಗಿರುತ್ತಾರೆ, "ಏನೂ ಆಗಲ್ಲ ಬಿಡೋ" ಅಂದುಬಿಡುತ್ತಾರೆ.

ಮಕ್ಕಳ ಮನಶ್ಶಾಸ್ತ್ರ, ಮೈಸೂರು:

ಮೊದಮೊದಲು ಜೋರಾಗುವುದು ನಿರೀಕ್ಷಿತವೇ. ಇಷ್ಟು ದಿನ ಸಿಗುತ್ತಿದ್ದುದು ಸಿಗದಿದ್ದಾಗ ಮಗು ಇನ್ನಷ್ಟು ಗಟ್ಟಿಯಾಗಿ ಕೇಳುತ್ತದೆ. ಆಗ ಹತ್ತನೇ ಸಲಕ್ಕೆ ಸೋತು ಉತ್ತರ ಕೊಟ್ಟರೆ, ಹತ್ತು ಸಲ ಕಿರುಚಬೇಕು ಎಂದು ಕಲಿಸಿದ ಹಾಗೆ. ಆದ್ದರಿಂದ ನೀವು ಇಬ್ಬರೂ ಖಂಡಿತ ನಿಭಾಯಿಸಬಲ್ಲಷ್ಟು ಚಿಕ್ಕದನ್ನೇ ಆರಿಸಿ. ನಿಮ್ಮ ಮನೆಗೆ ಅದು ಸಂಜೆ 5ರಿಂದ 7. ಆಗ ನೀವೇ ಇರುತ್ತೀರಿ. ರಾತ್ರಿಯ ಹೊತ್ತನ್ನು ಸದ್ಯಕ್ಕೆ ಮುಟ್ಟಬೇಡಿ, ಅಪ್ಪ ಉತ್ತರ ಕೊಟ್ಟರೂ ಯೋಜನೆ ಮುರಿದಂತಲ್ಲ. ಸಂಜೆ ಗಟ್ಟಿಯಾದ ಮೇಲೆ ಅವರ ಸರದಿ.

ಪೋಷಕರ ನಡವಳಿಕೆಯನ್ನಷ್ಟೇ ಬದಲಿಸಿ ಮಗುವಿನ ಆತಂಕಕ್ಕೆ ಚಿಕಿತ್ಸೆ ಕೊಡುವ ಕ್ರಮವೊಂದಿದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ ಅದರ ಹೆಸರು ಸ್ಪೇಸ್. ಅದರಲ್ಲಿ ಬದಲಾವಣೆಯನ್ನು ಮಗುವಿಗೆ ಮೊದಲೇ ಬರೆದು ಓದಿ ಹೇಳುತ್ತಾರೆ. ನಿಮ್ಮದು ಹೀಗಿರಬಹುದು: "ನಿನಗೆ ಎಷ್ಟು ಹೆದರಿಕೆಯಾಗುತ್ತದೆ ಎಂದು ನಮಗೆ ಗೊತ್ತು. ನೀನು ಅದನ್ನು ತಡೆದುಕೊಳ್ಳಬಲ್ಲೆ ಎಂದೂ ಗೊತ್ತು. ನಾನು ಉತ್ತರ ಕೊಟ್ಟಷ್ಟೂ ಓಸಿಡಿ ಬಲವಾಗುತ್ತಿದೆ. ಸೋಮವಾರದಿಂದ ಸಂಜೆ 5ರಿಂದ 7ರವರೆಗೆ 'ಏನೂ ಆಗಲ್ಲ ಅಲ್ವಾ' ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಪಕ್ಕದಲ್ಲಿ ಇರುತ್ತೇನೆ." ಓದಿ ಅವನ ಕೈಗೆ ಕೊಡಿ. ಹರಿದು ಹಾಕಿದರೆ ಹಾಕಲಿ, ವಾದಕ್ಕೆ ಇಳಿಯಬೇಡಿ.

ಕಿರುಚುವಾಗ ಆ ಒಂದು ಮಾತನ್ನು ಒಂದೇ ಸಲ ಹೇಳಿ, ಆಮೇಲೆ ಮೌನ. ಬುದ್ಧಿಮಾತು, "ಟಿವಿ ಕಟ್" ಎಂಬ ಬೆದರಿಕೆ ಎರಡೂ ಬೇಡ. ಹೊಡೆಯಲು ಬಂದರೆ ಕೈಗೆಟುಕದಷ್ಟು ದೂರ ಸರಿದು, ಅವನ ಕಣ್ಣಿಗೆ ಕಾಣುವ ಹಾಗೆ ಇರಿ. ಒಡೆಯುವ ಸಾಮಾನು ಸಂಜೆಗೆ ಮುಂಚೆಯೇ ಎತ್ತಿಡಿ. ತಣ್ಣಗಾದ ಮೇಲೆ ಲೆಕ್ಕ ತೆಗೆಯದೆ ಊಟಕ್ಕೆ ಕರೆಯಿರಿ. ಕಷ್ಟಪಟ್ಟು ತಡೆದುಕೊಂಡ ಸಂಜೆ ಮಾತ್ರ ಅದನ್ನು ಗುರುತಿಸಿ ಹೇಳಿ, ಬಹುಮಾನ ಚಿಕ್ಕದಿರಲಿ, ಇನ್ನರ್ಧ ಗಂಟೆ ಸೈಕಲ್ ತರಹದ್ದು.

ದಿನಾ ಪೆಟ್ಟು ಬೀಳುವ ಮಟ್ಟಕ್ಕೆ ಹೋದರೆ, ಅಥವಾ ತನಗೇ ನೋವು ಮಾಡಿಕೊಂಡರೆ, ಮುಂದಿನ ವಿಡಿಯೋ ಕಾಲ್‌ಗೆ ಕಾಯಬೇಡಿ. ಹೊಸದಾಗಿ ಶುರುವಾದ ಸಿಡುಕು ಮಾತ್ರೆಯದ್ದೂ ಆಗಿರಬಹುದು, ಹಾಗಾಗಿ ಅದೇ ದಿನ ಮನೋವೈದ್ಯರಿಗೆ ತಿಳಿಸಿ. ನಾಲ್ಕು ಕಾಲಂನ ಆ ಹಾಳೆಯ ಫೋಟೋವನ್ನು ಕಾಲ್‌ಗೆ ಎರಡು ದಿನ ಮುಂಚೆ ಥೆರಪಿಸ್ಟ್‌ಗೆ ಕಳಿಸಿದರೆ, ಸಿಗುವ ಸಮಯವೆಲ್ಲ ಮುಂದಿನ ಮೆಟ್ಟಿಲಿಗೆ ಉಳಿಯುತ್ತದೆ.