ಕ್ವಾರ್ಟರ್‌ಬ್ಯಾಕ್, ಬಾಲ್ ಕೋಚ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸ್ಟೀವ್ ಸ್ಪರಿಯರ್ ಬಗ್ಗೆ ಸಣ್ಣದೊಂದು ಬರಹ ಬರೆಯೋಣ ಅಂತ ಕೂತೆ. ‘ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಮುಂದೆ ಅಲ್ಲೇ ಕೋಚ್ ಆದರು.’ ಈ ಮೊದಲ ಸಾಲಿನಲ್ಲೇ ಮೂರು ಪದಗಳು ತಕರಾರು ತೆಗೆದವು.

ಫುಟ್‌ಬಾಲ್‌ಗೆ ‘ಕಾಲ್ಚೆಂಡು’ ಅಂದರೆ ನಮ್ಮವರಿಗೆ ಮೆಸ್ಸಿ ನೆನಪಾಗ್ತಾನೆ. ಅಮೆರಿಕದ ಆಟದಲ್ಲಿ ಚೆಂಡು ಜಾಸ್ತಿ ಹೊತ್ತು ಕೈಯಲ್ಲೇ ಇರುತ್ತದೆ. ತಮಾಷೆ ನೋಡಿ, ಸ್ಪರಿಯರ್ ಕಾಲೇಜು ದಿನಗಳಲ್ಲಿ ಜನ ಇವತ್ತಿಗೂ ನೆನೆಯುವುದು ಒಂದು ಒದೆತವನ್ನು. 1966ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ತಂಡದ ಎದುರು ಪಂದ್ಯ 27-27ರಲ್ಲಿ ನಿಂತಿತ್ತು. ಒದೆಯುವುದಕ್ಕೆ ಅಂತಲೇ ಬೇರೆ ಆಟಗಾರ ಇದ್ದ. ಅವನು ಬೇಡ ಅಂತ ಕೈಯಾಡಿಸಿ, ಇವರೇ 40 ಗಜದಿಂದ ಒದ್ದರು. ಚೆಂಡು ಕಂಬಗಳ ನಡುವೆ ತೂರಿತು, 30-27. ಕಾಲೇಜು ಫುಟ್‌ಬಾಲಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯೂ ಆ ವರ್ಷ ಅವರಿಗೇ ಬಂತು.

ಇನ್ನು ಕ್ವಾರ್ಟರ್‌ಬ್ಯಾಕ್. ಮುಂದಿನ ಸಾಲಿನ ಹಿಂದೆ, ಕಾಲು ಭಾಗ ದೂರದಲ್ಲಿ ನಿಲ್ಲುವವನು ಅಂತ ಆ ಹೆಸರು. ಅರ್ಧಕ್ಕೆ ನಿಂತವನು ಹಾಫ್‌ಬ್ಯಾಕ್, ಪೂರ್ತಿ ಹಿಂದೆ ನಿಂತವನು ಫುಲ್‌ಬ್ಯಾಕ್. ‘ಕಾಲುಹಿಂದಿಗ’ ಅಂತ ಬರೆದು ನೋಡಿದೆ. ಆದರೆ ಕನ್ನಡದಲ್ಲಿ ಪಾದವೂ ಕಾಲು, ನಾಲ್ಕನೇ ಒಂದೂ ಕಾಲು! ಓದಿದವರು ಯಾರೋ ಕಾಲು ಹಿಂದಿಟ್ಟು ಓಡಿಹೋದ ಅಂದುಕೊಂಡಾರು. ಹಾಗಂತ ಬರೀ ‘ಕ್ವಾರ್ಟರ್’ ಅಂದರೆ ನಮ್ಮಲ್ಲಿ ಅರ್ಥ ಏನು ಅಂತ ನಿಮಗೆ ಗೊತ್ತೇ ಇದೆ, 180 ಎಂ.ಎಲ್. ಇದನ್ನು ಸುಮ್ನೆ ಹಾಗೇ ಬಿಟ್ಟು, ‘ಆಟ ನಡೆಸುವವನು’ ಅಂತ ಒಂದು ಸಲ ಬಿಡಿಸಿ ಹೇಳಿದರೆ ಸಾಕು ಅನ್ನಿಸುತ್ತೆ.

ನನ್ನ ನಿಜವಾದ ಪ್ರಶ್ನೆ ಕೋಚ್ ಬಗ್ಗೆ. ಕಾಲೇಜು ಮುಗಿದ ಮೇಲೆ ಆಟಗಾರರಾಗಿ ಸ್ಪರಿಯರ್ ವೃತ್ತಿಜೀವನ ಅಷ್ಟಕ್ಕಷ್ಟೇ. 1976ರಲ್ಲಿ ಟ್ಯಾಂಪಾ ಬೇ ಅನ್ನುವ ವೃತ್ತಿಪರ ತಂಡ ಆಡಿದ 14 ಪಂದ್ಯವನ್ನೂ ಸೋತಾಗ ಅದರ ಕ್ವಾರ್ಟರ್‌ಬ್ಯಾಕ್ ಇವರೇ. ಕೋಚ್ ಆದ ಮೇಲೆ ಕಥೆಯೇ ಬೇರೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಇದ್ದು, 1990ರಲ್ಲಿ ಫ್ಲಾರಿಡಾಕ್ಕೆ ಮರಳಿದರು. 12 ಸೀಸನ್‌ಗಳಲ್ಲಿ 122 ಗೆಲುವು. 1996ರ ಸೀಸನ್‌ನ ಕೊನೆಗೆ, ಅದೇ ಸೀಸನ್‌ನಲ್ಲಿ ತಮ್ಮನ್ನು ಸೋಲಿಸಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು 52-20ರಲ್ಲಿ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಸ್ಪರಿಯರ್ ತಂಡದ ಕ್ವಾರ್ಟರ್‌ಬ್ಯಾಕ್ ಡ್ಯಾನಿ ವರ್ಫೆಲ್‌ಗೂ ಹೈಸ್‌ಮನ್ ಬಂತು. ಗೆದ್ದವರೇ ಗೆಲ್ಲುವವನನ್ನು ತಯಾರು ಮಾಡಿದ್ದರು.

ಇಷ್ಟೆಲ್ಲ ಆದರೂ ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ‘ಬಾಲ್ ಕೋಚ್’ ಅಂತ. ಅದರಲ್ಲಿ ಹಳ್ಳಿ ಸಲುಗೆ ಇದೆ, ಸ್ವಲ್ಪ ಕೊಬ್ಬೂ ಇದೆ. ಅದನ್ನು ‘ಮುಖ್ಯ ತರಬೇತುದಾರ’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತೆ, ಅಲ್ವಾ? ಬರೀ ‘ಕೋಚ್’ ಅಂದರೂ ಕೆಲವರಿಗೆ ರೈಲಿನ ಡಬ್ಬಿ ಕಣ್ಣಿಗೆ ಬರುತ್ತೆ. ಅದು ತಪ್ಪೇನಲ್ಲ. ಇಂಗ್ಲಿಷಿನಲ್ಲೂ ಮೊದಲು ಬಂದದ್ದು ಕುದುರೆಗಾಡಿಯ ಅರ್ಥವೇ. ಹುಡುಗರನ್ನು ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ಆ ಹೆಸರು ಅಂಟಿತು, ಆಟದ ಮೈದಾನಕ್ಕೆ ಬಂದದ್ದು ಆಮೇಲೆ.

ನನಗೆ ಹೊಳೆದದ್ದು ಕುಸ್ತಿಯ ‘ವಸ್ತಾದ’. ಗರಡಿಯಲ್ಲಿ ತಾನೂ ಮಣ್ಣು ಮೈಗೆ ಹಚ್ಚಿಕೊಂಡು, ಆಮೇಲೆ ಹುಡುಗರಿಗೆ ಪಟ್ಟು ಕಲಿಸುವವನು. ಜೊತೆಗೆ ‘ಗರಡಿಯಲ್ಲಿ ಪಳಗಿದವರು’ ಅನ್ನುವ ಮಾತೂ ಕೈಗೆ ಸಿಗುತ್ತೆ. ಸ್ಪರಿಯರ್ ಕೈಕೆಳಗೆ ಮೂರು ವರ್ಷ ಸಹಾಯಕ ಕೋಚ್ ಆಗಿದ್ದ ಬಾಬ್ ಸ್ಟೂಪ್ಸ್ ಮುಂದೆ ತಾವೇ ಕೋಚ್ ಆಗಿ ಒಕ್ಲಹೋಮಾ ತಂಡಕ್ಕೆ 2000ದ ಸೀಸನ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಅವರನ್ನು ‘ಸ್ಪರಿಯರ್ ಗರಡಿಯವರು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ‘ವಸ್ತಾದ’ ಮೈಸೂರು ಕಡೆಯ ಓದುಗರಿಗೆ ಸಲೀಸಾಗಿ ಹತ್ತುತ್ತದೆಯೇ? ಕಬಡ್ಡಿ, ಖೊಖೊ ಮೈದಾನದಲ್ಲಿ ನಿಮ್ಮೂರ ಹುಡುಗರು ಕೋಚನ್ನು ಏನಂತ ಕೂಗುತ್ತಾರೆ, ಬರೀ ‘ಸರ್’ ಅಂತಲೇ?