ಗರಗಸ ತಿರುಗಿದೊಡನೆ ವ್ಯಾಕ್ಯೂಮ್ ತಾನಾಗಿಯೇ ಓಡುವಂತೆ ಮಾಡುವುದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ)

ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಲ್ವರ್ ಓಕ್ ಮತ್ತು ಹಲಸಿನ ಹಲಗೆಗಳಿಂದ ಮೇಜು, ಕಪಾಟುಗಳನ್ನು ಮಾಡುತ್ತೇನೆ. ಮಳೆಗಾಲದಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡೇ ಕೆಲಸ ಮಾಡಬೇಕಾದ್ದರಿಂದ ಮರದ ಹುಡಿಯೆಲ್ಲ ಒಳಗೇ ನಿಲ್ಲುತ್ತದೆ. 1400 ವ್ಯಾಟ್‌ನ ಸರ್ಕ್ಯುಲರ್ ಗರಗಸಕ್ಕೂ ಮರವನ್ನು ಉಜ್ಜಿ ನಯಗೊಳಿಸುವ 250 ವ್ಯಾಟ್‌ನ ಸ್ಯಾಂಡರ್‌ಗೂ 1200 ವ್ಯಾಟ್‌ನ ವ್ಯಾಕ್ಯೂಮ್‌ನ ಪೈಪ್ ಜೋಡಿಸಿಕೊಂಡಿದ್ದೇನೆ. ಪ್ರತಿ ಸಲವೂ ಬಗ್ಗಿ ಅದರ ಸ್ವಿಚ್ ಒತ್ತುವುದು ಕಿರಿಕಿರಿ, ಸದಾ ಓಡಲು ಬಿಟ್ಟರೆ ಸದ್ದು ತಡೆಯಲಾಗದು. ಗರಗಸ, ವ್ಯಾಕ್ಯೂಮ್ ಎರಡನ್ನೂ ಗೋಡೆಯ ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಸಾಕಾಗುವುದಿಲ್ಲವೇ?

ಉತ್ತರ 1 (ಕುಶಾಲನಗರ, ಎಲೆಕ್ಟ್ರಿಕಲ್ ಕೆಲಸ)

ದಯವಿಟ್ಟು ಹಾಗೆ ಮಾಡಬೇಡಿ. ಆ ವ್ಯವಸ್ಥೆಯಲ್ಲಿ ಗರಗಸದ ಟ್ರಿಗರ್ ಅನ್ನು ಒತ್ತಿ ಲಾಕ್ ಮಾಡಿಟ್ಟು ಗೋಡೆಯಿಂದ ಚಾಲೂ ಮಾಡಬೇಕಾಗುತ್ತದೆ. ಕೈಯಲ್ಲಿ ಹಿಡಿಯುವ ಗರಗಸವನ್ನು ದೂರದ ಸ್ವಿಚ್ಚಿನಿಂದ ಓಡಿಸುವುದು ಅಪಾಯಕಾರಿ.

ನಿಮಗೆ ಬೇಕಾದದ್ದು ಕರೆಂಟ್ ಸೆನ್ಸಿಂಗ್ ರಿಲೇ, ಅಂದರೆ ಒಂದು ತಂತಿಯಲ್ಲಿ ಕರೆಂಟ್ ಹರಿದೊಡನೆ ಇನ್ನೊಂದು ಸಂಪರ್ಕವನ್ನು ತಾನಾಗಿಯೇ ಚಾಲೂ ಮಾಡುವ ಸ್ವಿಚ್. ಉಪಕರಣಕ್ಕೆ ಹೋಗುವ ಫೇಸ್ ತಂತಿಯನ್ನು ಮಾತ್ರ ಅದರ ಉಂಗುರದೊಳಗಿಂದ ಹಾಯಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಹಾಯಿಸಿದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ರದ್ದುಗೊಳಿಸಿ ರಿಲೇಗೆ ಏನೂ ತಿಳಿಯುವುದಿಲ್ಲ. ನಿಮ್ಮ ಸ್ಯಾಂಡರ್ ಎಳೆಯುವುದು ಸುಮಾರು 1 ಆಂಪಿಯರ್ ಮಾತ್ರವಾದ್ದರಿಂದ ರಿಲೇ ಅದನ್ನು ಗುರುತಿಸದೆ ಹೋಗಬಹುದು. ಆಗ ಅದೇ ತಂತಿಯನ್ನು ಉಂಗುರದೊಳಗೆ ಮೂರು ಸುತ್ತು ಹಾಕಿದರೆ ಅದಕ್ಕೆ 3 ಆಂಪಿಯರ್ ಹರಿದಂತೆ ಕಾಣುತ್ತದೆ.

ರಿಲೇಯ ಪುಟ್ಟ ಸಂಪರ್ಕಗಳ ಮೂಲಕ ವ್ಯಾಕ್ಯೂಮ್‌ನ ಮೋಟಾರನ್ನು ನೇರವಾಗಿ ಓಡಿಸಬಾರದು, ಏಕೆಂದರೆ ಶುರುವಾಗುವಾಗ ಮೋಟಾರು ಎಳೆಯುವ ಕರೆಂಟಿಗೆ ಆ ಸಂಪರ್ಕಗಳು ಸುಟ್ಟು ಅಂಟಿಕೊಳ್ಳುತ್ತವೆ. ರಿಲೇಯು ಕಾಂಟಾಕ್ಟರ್‌ನ (ದೊಡ್ಡ ಕರೆಂಟನ್ನು ತಾಳುವ, ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚಿನ) ಕಾಯಿಲ್‌ಗೆ ಕರೆಂಟ್ ಕೊಡಲಿ, ಕಾಂಟಾಕ್ಟರ್ ವ್ಯಾಕ್ಯೂಮ್ ಅನ್ನು ಓಡಿಸಲಿ. ನಡುವೆ ಟೈಮರ್ ಇಟ್ಟು, ಗರಗಸ ತಿರುಗಿದ ಒಂದೆರಡು ಸೆಕೆಂಡ್ ಬಳಿಕ ವ್ಯಾಕ್ಯೂಮ್ ಶುರುವಾಗುವಂತೆಯೂ, ಗರಗಸ ನಿಂತ ಮೇಲೆ ಐದಾರು ಸೆಕೆಂಡ್ ಓಡುತ್ತಿರುವಂತೆಯೂ ಹೊಂದಿಸಿಕೊಳ್ಳಿ. ಮೊದಲನೆಯದರಿಂದ ಎರಡೂ ಮೋಟಾರುಗಳ ಆರಂಭದ ಹೊರೆ ಒಟ್ಟಿಗೆ ಬಿದ್ದು ಎಂಸಿಬಿ (ಹೊರೆ ಹೆಚ್ಚಾದಾಗ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುವುದು ತಪ್ಪುತ್ತದೆ. ಎರಡನೆಯದರಿಂದ ಪೈಪಿನೊಳಗೆ ಉಳಿದ ಹುಡಿ ಡಬ್ಬಿಯವರೆಗೆ ಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಹುಡಿ ಪೈಪಿನಲ್ಲೇ ಕುಳಿತರೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಗರಗಸ, ವ್ಯಾಕ್ಯೂಮ್ ಎರಡೂ ಸೇರಿ 2600 ವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ 11 ಆಂಪಿಯರ್‌ಗೆ ತುಸು ಹೆಚ್ಚು. ಆದ್ದರಿಂದ 6 ಆಂಪಿಯರ್ ಸಾಕೆಟ್ಟನ್ನು ಮರೆತುಬಿಡಿ. ಶೆಡ್ಡಿಗೆ ಪ್ರತ್ಯೇಕವಾದ 16 ಆಂಪಿಯರ್ ಲೈನ್, ಮೋಟಾರಿನ ಆರಂಭದ ಹೊರೆಯನ್ನು ತಾಳುವ ಸಿ ಮಾದರಿಯ ಎಂಸಿಬಿ, ಸರಿಯಾದ ಅರ್ಥಿಂಗ್ ಇರಲಿ. ಈ ವೈರಿಂಗನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಉತ್ತರ 2 (ಸೋಮವಾರಪೇಟೆ)

ಮೇಲಿನವರು ಹೇಳಿದ್ದು ಸರಿ, ಆದರೆ ಕೊಳ್ಳುವ ಮೊದಲು ನಿಮ್ಮ ವ್ಯಾಕ್ಯೂಮ್‌ನ ಸ್ವಿಚ್ಚನ್ನು ನೋಡಿಕೊಳ್ಳಿ. ಟಕ್ಕೆಂದು ಒತ್ತಿದರೆ ಒತ್ತಿದಂತೆಯೇ ನಿಲ್ಲುವ ಹಳೆಯ ಬಗೆಯ ಸ್ವಿಚ್ ಇದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಮೃದುವಾಗಿ ಮುಟ್ಟುವ ಎಲೆಕ್ಟ್ರಾನಿಕ್ ಬಟನ್ ಇರುವ ಹೆಚ್ಚಿನ ಯಂತ್ರಗಳು ಕರೆಂಟ್ ಬಂದರೂ ಮತ್ತೊಮ್ಮೆ ಬಟನ್ ಒತ್ತುವವರೆಗೆ ಸುಮ್ಮನಿರುತ್ತವೆ.

ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. 230 ವೋಲ್ಟ್‌ನ ಕಾಯಿಲ್ ಶೇಕಡಾ 85ಕ್ಕಿಂತ ಕೆಳಗೆ, ಅಂದರೆ ಸುಮಾರು 195 ವೋಲ್ಟ್‌ಗಿಂತ ಕಡಿಮೆಯಾದರೆ, ಬಿಗಿಯಾಗಿ ಹಿಡಿಯುತ್ತದೆಂಬ ಖಾತರಿಯಿಲ್ಲ; ಕಾಂಟಾಕ್ಟರ್ ಗಡಗಡ ಸದ್ದು ಮಾಡುತ್ತಾ ಸಂಪರ್ಕಗಳನ್ನು ಸುಟ್ಟುಕೊಳ್ಳುತ್ತದೆ. ಸದ್ದು ಕೇಳಿದೊಡನೆ ಕೆಲಸ ನಿಲ್ಲಿಸಿ.

ಹೊಸದಾಗಿ ಕೊಳ್ಳುವವರಿಗೆ, ಮೈಮೇಲೆಯೇ ಉಪಕರಣದ ಸಾಕೆಟ್ ಇದ್ದು ಉಪಕರಣದೊಂದಿಗೆ ತಾನಾಗಿಯೇ ಶುರುವಾಗುವ ವ್ಯಾಕ್ಯೂಮ್‌ಗಳೂ ಸಿಗುತ್ತವೆ. ಬೆಲೆ ಹೆಚ್ಚು, ತಲೆನೋವು ಕಡಿಮೆ.

ಪ್ರಶ್ನಿಸಿದವರು

ನನ್ನದು ಒತ್ತಿದಂತೆಯೇ ನಿಲ್ಲುವ ಸ್ವಿಚ್ಚೇ. ಬ್ಯಾಟರಿಯ ಡ್ರಿಲ್‌ಗೂ ಇದೇ ರಿಲೇ ನಡೆಯುತ್ತದೆಯೇ?

ಉತ್ತರ 1ರವರು

ಇಲ್ಲ. ಅದು ಲೈನಿನಿಂದ ಕರೆಂಟ್ ಎಳೆಯುವುದೇ ಇಲ್ಲವಲ್ಲ. ಅದಕ್ಕೆ ಕಾಂಟಾಕ್ಟರ್‌ನ ಕಾಯಿಲ್‌ಗೆ ಕರೆಂಟ್ ಕೊಡುವ ಸಂಪರ್ಕಕ್ಕೆ ಸಮಾನಾಂತರವಾಗಿ ಒಂದು ರಿಮೋಟ್ ಸ್ವಿಚ್ ಜೋಡಿಸಿ, ರಿಮೋಟನ್ನು ಪೈಪಿನ ತುದಿಗೆ ಕಟ್ಟಿಕೊಳ್ಳಿ.