ಕೊಲ್ಹಾಪುರದ ಹಳೇ ಕ್ಯಾಂಪರ್ ವ್ಯಾನ್, 14 ಲಕ್ಷ ಕೇಳ್ತಿದ್ದಾರೆ. ಜಾಸ್ತಿ ಆಯ್ತಾ?

ಕುಂದಾನಗರಿ ಸವಾರ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಟಿಳಕವಾಡಿಯವನು. ಅಪ್ಪ ಅಮ್ಮನಿಗೆ ತಿರುಗಾಡುವ ಆಸೆ ತುಂಬಾ ಇದೆ, ಆದರೆ ಇಬ್ಬರಿಗೂ ಮೊಣಕಾಲು ನೋವು, ದಾರಿಯಲ್ಲಿ ಸರಿಯಾದ ಟಾಯ್ಲೆಟ್ ಹುಡುಕುವುದೇ ಒಂದು ದೊಡ್ಡ ಕೆಲಸ. ಅದಕ್ಕೆ ಹಾಸಿಗೆ, ಟಾಯ್ಲೆಟ್ ಇರುವ ಒಂದು ಹಳೇ ಗಾಡಿ ತಗೊಳ್ಳೋಣ ಅಂತಿದ್ದೇನೆ. ಬಾದಾಮಿ, ಪಟ್ಟದಕಲ್ಲು, ಗೋಕರ್ಣ, ಹೀಗೆ ಹತ್ತಿರದ ಊರುಗಳೇ ಜಾಸ್ತಿ.

ಕೊಲ್ಹಾಪುರದಲ್ಲಿ ಒಂದು ಸಿಕ್ಕಿದೆ. ಫೋರ್ಸ್ ಟ್ರಾವೆಲರ್, 2018ರ ಮಾಡೆಲ್, 3350 ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ, ಮಿ.ಮೀ.ನಲ್ಲಿ), ಬಿಎಸ್4 ಡೀಸೆಲ್, ಎಂಎಚ್ 09 ಪಾಸಿಂಗ್. ಮೀಟರ್ 1.12 ಲಕ್ಷ ಕಿ.ಮೀ. ತೋರಿಸುತ್ತದೆ. 2021ರಲ್ಲಿ ಒಳಗೆ ಎರಡು ಹಾಸಿಗೆ, ಒಲೆ, ಸಣ್ಣ ಫ್ರಿಜ್, ಟಾಯ್ಲೆಟ್, ಮೇಲೆ ಸೋಲಾರ್, ಒಂದು ಟನ್ ಎಸಿ ಎಲ್ಲ ಹಾಕಿಸಿದ್ದಾರೆ. ಮಾಲೀಕರ ಲೆಕ್ಕ ಏನಂದ್ರೆ "ಗಾಡಿಗೆ 8, ಒಳಗೆ ನಾನು ಖರ್ಚು ಮಾಡಿದ್ದು 6, ಒಟ್ಟು 14". ಕೇಳಿದರೆ ಸರಿ ಅನ್ಸುತ್ತೆ. ಮಾರುತಿ ಕಾರಾದರೆ ಹತ್ತು ಜನರನ್ನು ಕೇಳಿ ರೇಟು ಗೊತ್ತು ಮಾಡಿಕೊಳ್ಳಬಹುದು, ಇದಕ್ಕೆ ಯಾರನ್ನು ಕೇಳೋದು?

ಡೀಸೆಲ್ ಮಾವ

ಕೂಡಿಸಿದ್ದು ಸರಿ ಇದೆ, ಕೂಡಿಸಿದ ಸಂಖ್ಯೆಗಳು ಸರಿ ಇಲ್ಲ. ಒಳಗಿನ ಕೆಲಸಕ್ಕೆ ಅವರು ಕೊಟ್ಟ 6 ಲಕ್ಷ ಅವರದ್ದು, ನಿಮ್ಮದಲ್ಲ. ಮನೆಗೆ ಬಣ್ಣ ಹೊಡೆಸಿ ಮಾರುವಾಗ ಬಣ್ಣದ ಬಿಲ್ ಬೇರೆ ಕೊಡ್ತಾರಾ?

ಮೊದಲು ಬೆಳಗಾವಿ ಆಟೋನಗರಕ್ಕೆ ಹೋಗಿ. ಅದೇ ವರ್ಷದ, ಅದೇ ವೀಲ್‌ಬೇಸಿನ, ಸೀಟಿರುವ ಸಾದಾ ಟ್ರಾವೆಲರ್ ಈಗ ಎಷ್ಟಕ್ಕೆ ಕೈ ಬದಲಾಗುತ್ತಿದೆ ಅಂತ ಮೂರ್ನಾಲ್ಕು ಕಡೆ ವಿಚಾರಿಸಿ. ಹೇಳುವ ರೇಟಲ್ಲ, ನಿಜವಾಗಿ ಮಾರಾಟವಾದ ರೇಟು. ಅದು ನಿಮ್ಮ ತಳಪಾಯ. ಅದರ ಮೇಲೆ ಬಿಚ್ಚಿ ಬೇರೆ ಗಾಡಿಗೆ ಹಾಕಬಹುದಾದ ಸಾಮಾನುಗಳಿಗೆ ಮಾತ್ರ ಬೆಲೆ ಕಟ್ಟಿ. ಎಸಿ, ಸೋಲಾರ್ ಪ್ಯಾನೆಲ್, ಇನ್ವರ್ಟರ್, ಫ್ರಿಜ್, ಅದೂ ಸೆಕೆಂಡ್‌ಹ್ಯಾಂಡ್ ರೇಟಿಗೆ. ಪ್ಲೈವುಡ್, ಲ್ಯಾಮಿನೇಟ್, ಬಡಗಿ ಕೂಲಿ ಎಲ್ಲ ಹೆಚ್ಚು ಕಮ್ಮಿ ಸೊನ್ನೆ. ಆಮೇಲೆ ಬ್ಯಾಟರಿ, ಟೈರ್, ಸೋರಿಕೆ, ಹೀಗೆ ತಗೊಂಡ ಮರುದಿನವೇ ನೀವು ಮಾಡಿಸಬೇಕಾದ ಖರ್ಚು ಕಳೀರಿ. ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದ ಕಡೆ ಕೊನೆಯ ನಾಲ್ಕು ಅಂಕಿ ನೋಡಿ. 1418 ಅಂತಿದ್ದರೆ 2018ರ 14ನೇ ವಾರದ ಟೈರು. ನಿಂತು ನಿಂತೇ ಹಳತಾದ ಟೈರಿನಲ್ಲಿ ಗೀರು ಎಷ್ಟೇ ಆಳ ಇದ್ದರೂ ಅದು ಹೋದಂಗೇ ಲೆಕ್ಕ.

ಗೋಳಗುಮ್ಮಟ 28

ಮಾವ ಹೇಳಿದ್ದೆಲ್ಲ ಎರಡನೇ ಮಾತು. ಬೋರ್ಡ್ ಹಳದೀನಾ ಬಿಳೀನಾ? ಆರ್‌ಸಿಯಲ್ಲಿ ಏನಂತ ಬರೆದಿದೆ? ಅದು ಗೊತ್ತಾಗದೆ ರೇಟಿನ ಮಾತೇ ಬೇಡ.

ಕುಂದಾನಗರಿ ಸವಾರ

ಹಳದಿ. ಈಗಷ್ಟೇ ಆರ್‌ಸಿ ಫೋಟೋ ತರಿಸಿಕೊಂಡೆ, ಮ್ಯಾಕ್ಸಿ ಕ್ಯಾಬ್, 12+1 ಸೀಟು ಅಂತಿದೆ. ಒಳಗೆ ಈಗ ಇರೋದು ನಾಲ್ಕೇ ಸೀಟು. "ಯಾರೂ ಕೇಳಲ್ಲ" ಅಂತಾರೆ ಮಾಲೀಕರು.

ಗೋಳಗುಮ್ಮಟ 28

ಅದೇ ನೋಡಿ. ರಸ್ತೆಯಲ್ಲಿ ಯಾರೂ ಕೇಳದೇ ಇರಬಹುದು. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಕೇಳ್ತಾರೆ. ಪಾಲಿಸಿ 12 ಸೀಟಿನ ಟ್ಯಾಕ್ಸಿಗೆ, ಒಳಗೆ ಗ್ಯಾಸ್ ಒಲೆ ಮತ್ತು ಹಾಸಿಗೆ. ಕ್ಲೇಮ್ ತಿರಸ್ಕರಿಸಲು ಅವರಿಗೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು. ಸ್ವಂತಕ್ಕೆ ಬಳಸುವ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ಕಾನೂನಿನಲ್ಲೇ ಇದೆ, ಆದರೆ ಗಾಡಿ ಆ ಹೆಸರಿಗೆ ಬಂದಿರಬೇಕಲ್ಲ. ಹಳದಿ ಬೋರ್ಡ್ ಉಳಿದರೆ ಫಿಟ್ನೆಸ್ ಕಾಟವೂ ಉಳಿಯುತ್ತದೆ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಇದರ ಮೇಲೆ ಬೇರೆ ರಾಜ್ಯದ ಗಾಡಿ. ಅಲ್ಲಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ವರ್ಗಾವಣೆಗೆ 29 ಮತ್ತು 30, ಸಾಲ ಇದ್ದು ತೀರಿದ್ದರೆ ಫಾರಂ 35. 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಆಗಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಆ ತೆರಿಗೆ ಎಷ್ಟು ಅಂತ ನಮ್ಮಂಥವರನ್ನು ಕೇಳಬೇಡಿ, ಏಜೆಂಟನ್ನೂ ಕೇಳಬೇಡಿ, ಆರ್‌ಸಿ ಜೆರಾಕ್ಸ್ ಹಿಡಿದು ಆರ್‌ಟಿಒ ಕೌಂಟರಿಗೇ ಹೋಗಿ. ಅಲ್ಲಿ ಹೇಳಿದ ಮೊತ್ತ ಪೂರ್ತಿ ಗಾಡಿ ಬೆಲೆಯಿಂದ ಕಳೀರಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಫಿಟ್ನೆಸ್, ಇನ್ಶೂರೆನ್ಸ್, ಬಾಕಿ ಚಲನ್ ಇವತ್ತೇ ನೋಡಿಬಿಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಬಾಗಲಕೋಟೆ ಬಿಸಿಲು

ನಮ್ಮ ಮಾವನವರ ಹತ್ತಿರ ಇಂಥದ್ದೇ ಗಾಡಿ ಇದೆ, ಅದಕ್ಕೆ ಒಳಗಿನ ವಿಷಯ ಹೇಳ್ತೀನಿ. ಇಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಜನ ಸೂರಿನ ಬಗ್ಗೆ ಕೆಡಿಸಿಕೊಳ್ಳಲ್ಲ. ಎಸಿ ಕೂರಿಸಲು, ಗಾಳಿ ಕಿಂಡಿಗೆ, ಸೋಲಾರ್ ವೈರಿಗೆ ಅಂತ ಮೇಲೆ ತಗಡು ಕೊಯ್ದಿರ್ತಾರೆ. ಕೊಯ್ದ ಕಡೆಯೆಲ್ಲ ಇವತ್ತಲ್ಲ ನಾಳೆ ಸೋರುತ್ತೆ. ಕಿಟಕಿ ಮೂಲೆಯಲ್ಲಿ, ಎಸಿ ಸುತ್ತ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಪ್ಲೈ ಮೆತ್ತಗೆ ಒಳಗೆ ಹೋದರೆ ಹಿಂದೆ ಕೊಳೆತಿದೆ ಅಂತಲೇ ಅರ್ಥ. ಎಲ್ಲ ಹಳೇದಿದ್ದು ಒಂದೇ ಮೂಲೆಯಲ್ಲಿ ಹೊಸ ಸ್ಟಿಕರ್ ಅಂಟಿಸಿದ್ದರೆ ಆ ಮೂಲೆಯನ್ನೇ ಎರಡು ಸಲ ಒತ್ತಿ. ಸಾಧ್ಯವಾದರೆ ವಾಷಿಂಗ್ ಸೆಂಟರಿಗೆ ಒಯ್ದು ಸೂರಿನ ಮೇಲೆ ಹತ್ತು ನಿಮಿಷ ನೀರು ಬಿಡಿಸಿ, ನೀವು ಒಳಗೆ ಕೂತಿರಿ. ಬೆಳಗಾವಿ ಮಳೆಗೆ ಈ ಪರೀಕ್ಷೆ ಬೇಕೇ ಬೇಕು.

ಎಸಿ ರಾತ್ರಿಯಿಡೀ ಬ್ಯಾಟರಿ ಮೇಲೆ ಓಡುತ್ತೆ ಅಂತ ಅವರು ಹೇಳಿದ್ದಾರಾ? ಲೆಕ್ಕ ಹಾಕಿ. 12 ವೋಲ್ಟಿನ 200 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದರೆ 2400 ವಾಟ್ ಅವರ್. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತೆ, ಅಂದರೆ ಕೈಗೆ ಸಿಗೋದು 1200. ಒಂದು ಟನ್ ಎಸಿ ಹೆಚ್ಚು ಕಮ್ಮಿ ಸಾವಿರ ವಾಟ್ ಎಳೆಯುತ್ತೆ. ಒಂದು ತಾಸು, ಮುಗೀತು. ಆಮೇಲೆ ನಮ್ಮ ಊರಿನ ಏಪ್ರಿಲ್ ಸೆಕೆಯಲ್ಲಿ ಕಿಟಕಿ ತೆರೆದು ಸೊಳ್ಳೆ ಹೊಡೀತಾ ಕೂರಬೇಕು.

ಇನ್ನೊಂದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತೆ. ಸಿಲಿಂಡರ್ ಇಡುವ ಡಬ್ಬಿಯ ತಳದಲ್ಲಿ ಹೊರಗೆ ಹೋಗುವ ಕಿಂಡಿ ಇದೆಯಾ ನೋಡಿ. ಇಲ್ಲ ಅಂದ್ರೆ ಕೆಲಸ ಗೊತ್ತಿಲ್ಲದವರು ಮಾಡಿದ್ದು, ಹಾಗಾದರೆ ವೈರಿಂಗ್ ಮೇಲೂ ನಂಬಿಕೆ ಬೇಡ.

ಚೋರ್ಲಾ ಘಾಟ್

ಎಲ್ಲರೂ ಸೇರಿ ಹೆದರಿಸಿಬಿಟ್ಟಿರಿ! ಬಡಗಿ ಕೆಲಸ ಸೊನ್ನೆ ಅನ್ನೋದನ್ನು ನಾನು ಒಪ್ಪಲ್ಲ ಮಾವ. ಹೊಸದಾಗಿ ಮಾಡಿಸಲು ಹೋದರೆ ದುಡ್ಡೂ ಬೇಕು, ತಿಂಗಳುಗಟ್ಟಲೆ ಕಾಯಲೂ ಬೇಕು. ಅಪ್ಪ ಅಮ್ಮನಿಗೆ ವಯಸ್ಸಾಗಿರುವಾಗ ಈಗಲೇ ಹೊರಡುವಂತಿರುವ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೆ ತಪ್ಪಿಲ್ಲ. ಆದರೆ ಕೆಲಸ ನೆಟ್ಟಗಿರಬೇಕು, ಅಷ್ಟೇ.

ನೆಟ್ಟಗಿದೆಯಾ ಅಂತ ತೂಕ ಹೇಳುತ್ತೆ. ನಮ್ಮದು ಕಬ್ಬಿನ ಸೀಮೆ, ವೇ ಬ್ರಿಜ್‌ಗೆ ಬರವಿಲ್ಲ. ನೀರಿನ ಟ್ಯಾಂಕ್ ತುಂಬಿಸಿ (100 ಲೀಟರ್ ಅಂದ್ರೆ 100 ಕೆಜಿ, ಮರೀಬೇಡಿ) ತೂಗಿಸಿ. ಮನೆಯವರ ತೂಕ, ಸಾಮಾನಿನ ತೂಕ ಕೂಡಿಸಿ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ ದಾಟುತ್ತಾ ನೋಡಿ. ಆಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಅಡುಗೆ ಕಟ್ಟೆ, ಫ್ರಿಜ್, ಟ್ಯಾಂಕ್ ಎಲ್ಲ ಒಂದೇ ಕಡೆ ಇಟ್ಟಿದ್ದರೆ ಗಾಡಿ ಆ ಕಡೆ ವಾಲಿರುತ್ತೆ. ಟೆಸ್ಟ್ ಡ್ರೈವ್ ಹೈವೇಯಲ್ಲಿ ಸುಮ್ನೆ. ಏರು ಹತ್ತಿಸಿ, ಎಸಿ ಹಾಕಿಕೊಂಡು, ಎರಡನೇ ಗೇರಲ್ಲಿ. ಕ್ಲಚ್ ಮತ್ತು ರೇಡಿಯೇಟರ್ ಬಣ್ಣ ಅಲ್ಲಿ ಗೊತ್ತಾಗುತ್ತೆ.

ಕುಂದಾನಗರಿ ಸವಾರ

ಭಾನುವಾರ ಹೋಗಿ ಬಂದೆ. ಇಂಜಿನ್ ಚೆನ್ನಾಗಿದೆ, ಏರಿನಲ್ಲೂ ಬಿಸಿ ಆಗಲಿಲ್ಲ. ತೂಕವೂ ಮಿತಿಯೊಳಗೇ ಇದೆ. ಟೈರ್ ಎಲ್ಲ 2018ರವೇ. ಹಿಂದಿನ ಎಡ ಕಿಟಕಿ ಕೆಳಗೆ ಒತ್ತಿದೆ, ಹೆಬ್ಬೆರಳು ಒಳಗೆ ಹೋಯ್ತು. ಮಾಲೀಕರು ಆ ಕಡೆ ನೋಡದೆ ಫ್ರಿಜ್ ಬಗ್ಗೆ ಮಾತಾಡ್ತಾ ಇದ್ದರು. ಬ್ಯಾಟರಿ ಒಂದೇ, ಲೆಡ್ ಆಸಿಡ್, ಎಸಿ ಹಾಕಿದ ಅರ್ಧ ಗಂಟೆಯಲ್ಲಿ ಇನ್ವರ್ಟರ್ ಕಿರುಚಿತು. ಆಟೋನಗರದಲ್ಲಿ ಸಾದಾ ಗಾಡಿಗೆ ಏಳು, ಏಳೂವರೆ ಅಂದರು. ನಾನು ಎಷ್ಟು ಹೇಳಲಿ?

ಡೀಸೆಲ್ ಮಾವ

ಏಳೂವರೆ ಹಿಡೀರಿ. ಸಾಮಾನಿಗೆ ಒಂದೂವರೆ, ಚೋರ್ಲಾ ಅವರ ಮಾತಿಗೆ ಮರ್ಯಾದೆ ಕೊಟ್ಟು ಮರದ ಕೆಲಸಕ್ಕೆ ಅರ್ಧ ಲಕ್ಷ. ಒಂಬತ್ತೂವರೆ ಆಯ್ತು. ಟೈರ್, ಬ್ಯಾಟರಿ, ಆ ಕೊಳೆತ ಗೋಡೆಗೆ ಒಂದೂವರೆ ಕಳೀರಿ, ಎಂಟು. ಆರ್‌ಟಿಒ ಹೇಳುವ ತೆರಿಗೆ ಇನ್ನೂ ಕಳೆದಿಲ್ಲ, ಅದನ್ನು ಚೌಕಾಸಿಗೆ ಇಟ್ಟುಕೊಳ್ಳಿ. ಏಳರಿಂದ ಶುರು ಮಾಡಿ. ಅವರು ಬೈದರೆ ಬೈಯಲಿ, ಇಂಥ ಗಾಡಿಗೆ ಗಿರಾಕಿ ದಿನಾ ಬರಲ್ಲ ಅಂತ ಅವರಿಗೂ ಗೊತ್ತು.

ಗೋಳಗುಮ್ಮಟ 28

ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತ ಅವರ ಹೆಸರಲ್ಲೇ, ಅವರ ಖರ್ಚಲ್ಲೇ ಮಾಡಿಸಿ ಕೊಟ್ಟರೆ ಒಂಬತ್ತು ಕೊಡಿ, ನಾನೂ ಬೇಡ ಅನ್ನಲ್ಲ. ಇದ್ದ ಹಾಗೇ ತಗೊಳ್ಳಿ ಅಂದರೆ ಏಳಕ್ಕೂ ಬೇಡ. ಟೋಕನ್ ಕೊಡೋದಾದರೆ ಎನ್‌ಒಸಿ ಕೈಗೆ ಬಂದ ಮೇಲೆ, ಅದೂ ಬ್ಯಾಂಕ್ ಮೂಲಕ, ಆಗದಿದ್ದರೆ ವಾಪಸ್ ಅಂತ ಬರೆಸಿಕೊಂಡು.

ಕುಂದಾನಗರಿ ಸವಾರ

ಏಳೂವರೆ ಅಂದೆ, ಫೋನ್ ಇಟ್ಟರು. ಸಂಜೆ ಅವರೇ ಮಾಡಿದರು, ಈಗ ಹತ್ತೂವರೆಗೆ ಇಳಿದಿದ್ದಾರೆ. ಆರ್‌ಸಿ ಬದಲಾವಣೆಗೆ ಏನು ಬೇಕು ಅಂತ ಅಲ್ಲಿನ ಆರ್‌ಟಿಒದಲ್ಲಿ ವಿಚಾರಿಸಿ ಹೇಳ್ತಾರಂತೆ. ಅಲ್ಲಿಯವರೆಗೆ ನಾನು ಫೋನ್ ಮಾಡಲ್ಲ.